ಎಂಟಿಬಿಗೆ (ಮೌಂಟನ್ ಬೈಕಿಗೆ) ಹೊಸ ವೀಲ್ ಕಟ್ಟಿಸ್ತೀರಾ? ರಿಮ್ ಆಮೇಲೆ ನೋಡೋಣ, ಮೊದ್ಲು ಫ್ರೇಮ್ ಅಳೀರಿ

ಹೋದ್ ವರ್ಷ ಮಳೆ ಮುಗಿದ ಮೇಲೆ ಮಂಡ್ಯದಲ್ಲಿರೋ ನನ್ನ ಚಿಕ್ಕಮ್ಮನ ಮಗ ಫೋನ್ ಮಾಡ್ದ, "ಅಣ್ಣಾ, ಹಿಂದ್ಗಡೆ ವೀಲು ಅಲ್ಲಾಡ್ತಾ ಐತೆ, ಕೋನು ಟೈಟ್ ಮಾಡಿದ್ರೂ ನಿಲ್ತಾ ಇಲ್ಲ" ಅಂತ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ದಿನಾ ಓಡಿಸ್ತಾನೆ ಅವ್ನು, ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಓಡಾಡಿ ಅಲ್ಲಿ ಗಾಲಿ ಜಾಡು ಮೊಣಕಾಲುದ್ದ ಬಿದ್ದಿರುತ್ತೆ. ನಾನು ಭಾನುವಾರ ಮೈಸೂರಿಂದ ಹೋಗಿ ವೀಲ್ ಬಿಚ್ಚಿ ಆಕ್ಸಲ್ ಒಳಗೆ ಹಾದು ಚಕ್ರನ ಬಿಗಿಯೋ ಕ್ವಿಕ್ ರಿಲೀಸ್ ಕಡ್ಡಿ ಎಳೆದ್ರೆ ಆಕ್ಸಲ್ ಎರಡು ತುಂಡಾಗಿ ಕೈಗೆ ಬಂತು! ಫ್ರೀವೀಲ್ (ಹಿಂದಿನ ಗೇರ್ ಹಲ್ಲುಗಳ ಗುಂಪು) ಹಿಂದೆ ಸರಿಯಾಗಿ ತುಂಡಾಗಿತ್ತು, ಒಡೆದ ಮುಖದ ಅರ್ಧ ಭಾಗ ತುಕ್ಕು ಹಿಡಿದು ಕಂದು, ಉಳಿದರ್ಧ ಬೆಳ್ಳಗೆ ಹೊಸದು. ಅಂದ್ರೆ ಬಿರುಕು ಬಿಟ್ಟು ಎಷ್ಟೋ ದಿನ ಆಗಿದೆ, ಆ ಸಣ್ಣ ಕಡ್ಡಿ ಒಂದೇ ಎಲ್ಲಾನೂ ಹಿಡ್ಕೊಂಡು ಓಡಿದೆ.

ಅವತ್ತೇ ಹೊಸ ವೀಲ್ ಕಟ್ಟೋಣ ಅಂತ ತೀರ್ಮಾನ ಮಾಡಿದ್ವಿ, ಮತ್ತೆ ಅವ್ನು ಎಲ್ಲರೂ ಮಾಡೋದನ್ನೇ ಮಾಡ್ದ, ಫೋನಲ್ಲಿ ರಿಮ್ ಫೋಟೋ ಕಳಿಸೋಕೆ ಶುರು ಮಾಡ್ದ. ರಿಮ್ ಕಣ್ಣಿಗೆ ಕಾಣುತ್ತೆ, ಬಣ್ಣ ಇರುತ್ತೆ, ಸ್ಟಿಕ್ಕರ್ ಇರುತ್ತೆ, ಅದಕ್ಕೆ ಮನಸ್ಸು ಅಲ್ಲಿಗೇ ಹೋಗುತ್ತೆ. ಆದ್ರೆ ವೀಲ್ ವಿಷಯದಲ್ಲಿ ಲೆಕ್ಕ ಬರೋದು ಉಲ್ಟಾ ಕಡೆಯಿಂದ. ಫ್ರೇಮು ಫೋರ್ಕು ಯಾವ ಹಬ್ (ಚಕ್ರದ ನಡುವಿನ ಗುಂಬ) ಅಂತ ಹೇಳುತ್ತೆ, ನಿಮ್ಮ ಗೇರು ಯಾವ ಫ್ರೀಹಬ್ (ಹಬ್ಬಲ್ಲಿ ಕ್ಯಾಸೆಟ್ ಅನ್ನೋ ಗೇರ್ ಹಲ್ಲುಗಳ ಗುಂಪು ಕೂರೋ ಭಾಗ) ಅಂತ ಹೇಳುತ್ತೆ, ನಿಮ್ಮ ಟೈರು ಯಾವ ರಿಮ್ ಅಂತ ಹೇಳುತ್ತೆ, ಕಡ್ಡಿ (ಸ್ಪೋಕ್) ಉದ್ದ ಇದೆಲ್ಲ ಕೈಗೆ ಬಂದ ಮೇಲೆ. ಈ ಸಾಲು ತಪ್ಪಿಸಿದ್ರೆ ದುಡ್ಡು ಹೋಗುತ್ತೆ. ನಂದೇ ಒಂದ್ಸಲ ಹೋಗಿದೆ. "ಎಲ್ಲಾ ಎಂಟಿಬಿಗೂ ಆಗುತ್ತೆ ಸಾರ್" ಅಂತ ಹೇಳಿ ಒಬ್ರು ಹಬ್ ಮಾರಿದ್ರು, ನನ್ನ ಫ್ರೇಮ್ 135 ಎಂಎಂ ಅಗಲ, ಆ ಹಬ್ 141. ವಾಪಸ್ ತಗೊಳ್ಳಲಿಲ್ಲ.

ಸರಿ, ಫ್ರೇಮಿಂದ ಶುರು ಮಾಡೋಣ. ಒಂದು ವರ್ನಿಯರ್ ಕ್ಯಾಲಿಪರ್ ತಗೊಳ್ಳಿ, ಪ್ಲಾಸ್ಟಿಕ್ಕಿಂದಾದ್ರೂ ಪರವಾಗಿಲ್ಲ. ಹಿಂದಿನ ವೀಲ್ ತೆಗೆದು ಡ್ರಾಪ್‌ಔಟ್, ಅಂದ್ರೆ ಫ್ರೇಮಲ್ಲಿ ಆಕ್ಸಲ್ ಕೂರೋ ಜಾಗ ನೋಡಿ. ಕೆಳಗಡೆ ತೆರೆದಿರೋ ಸೀಳು ಇದ್ರೆ ಅದು ಕ್ವಿಕ್ ರಿಲೀಸ್ ಅಥ್ವಾ ನಟ್ಟು, ಎರಡು ಒಳಮುಖದ ನಡುವೆ ಅಳೆದ್ರೆ ಹೆಚ್ಚಾಗಿ 135 ಎಂಎಂ ಬರುತ್ತೆ, ಈಚೆಗೆ ಬಂದ ಕೆಲವು ಹಾರ್ಡ್‌ಟೇಲ್‌ಗಳಲ್ಲಿ (ಹಿಂದೆ ಸಸ್ಪೆನ್ಷನ್ ಇಲ್ಲದ ಬೈಕು) 141 ಬರುತ್ತೆ, ಅದು ಬೂಸ್ಟ್ (ಅಗಲ ಹೆಚ್ಚಿಸಿದ ಅಳತೆ) ಕ್ವಿಕ್ ರಿಲೀಸ್. ಸೀಳಿಲ್ಲದೆ ಪೂರ್ತಿ ರೌಂಡ್ ತೂತು ಇದ್ರೆ ಥ್ರೂ ಆಕ್ಸಲ್, ಹಿಂದೆ 12 ಎಂಎಂ ದಪ್ಪ, ಅಗಲ 142 ಇಲ್ಲಾ 148, ದೊಡ್ಡ ಬೈಕುಗಳಲ್ಲಿ 157. ಇಲ್ಲಿ ಒಂದು ಎಡವಟ್ಟಿದೆ, ಗಮನ ಕೊಡಿ. ಥ್ರೂ ಆಕ್ಸಲ್ ಫ್ರೇಮಲ್ಲಿ ಹಬ್ಬಿನ ತುದಿ ಕೂರೋಕೆ ಆ ಕಡೆ ಈ ಕಡೆ ಮೂರೂವರೆ ಎಂಎಂ ಆಳದ ಗುಳಿ ಇರುತ್ತೆ, ನೀವು ಗುಳಿಯ ಅಂಚಿಂದ ಅಂಚಿಗೆ ಅಳೆದ್ರೆ 142 ಇರೋ ಫ್ರೇಮು 135 ಅಂತ ತೋರ್ಸುತ್ತೆ, 148 ಇರೋದು 141 ಅಂತ ತೋರ್ಸುತ್ತೆ. ಗುಳಿಯ ತಳದಿಂದ ತಳಕ್ಕೆ ಅಳೀಬೇಕು. ಮುಂದಿನ ಫೋರ್ಕಲ್ಲಿ ಕ್ವಿಕ್ ರಿಲೀಸ್ ಆದ್ರೆ 100, ಥ್ರೂ ಆಕ್ಸಲ್ ಆದ್ರೆ 15 ಎಂಎಂ ದಪ್ಪ ಇದ್ದು 100 ಅಥ್ವಾ ಬೂಸ್ಟ್ 110, ಡೌನ್‌ಹಿಲ್ ಫೋರ್ಕಾದ್ರೆ 20 ಎಂಎಂ ಆಕ್ಸಲ್.

135ಕ್ಕೂ 142ಕ್ಕೂ ಹಬ್ಬಿನ ಒಳಗಿನ ಅಳತೆ ಒಂದೇ, ತುದಿಯ ಕ್ಯಾಪ್ ಮಾತ್ರ ಬೇರೆ, ಹಾಗಾಗಿ ಸ್ವಲ್ಪ ಒಳ್ಳೆ ಹಬ್ ತಗೊಂಡ್ರೆ ಕ್ಯಾಪ್ ಬದಲಾಯಿಸಿ ಎರಡಕ್ಕೂ ಹಾಕ್ಬಹುದು, ನಾಳೆ ಫ್ರೇಮ್ ಬದಲಾಯಿಸಿದ್ರೂ ವೀಲ್ ಉಳಿಯುತ್ತೆ. ಬೂಸ್ಟ್ ಹಂಗಲ್ಲ. ಹಿಂದೆ 148ರಲ್ಲಿ ಡಿಸ್ಕು ಕ್ಯಾಸೆಟ್ಟು ಎರಡೂ 3 ಎಂಎಂ ಹೊರಗೆ ಸರಿದಿರುತ್ತೆ, ಮುಂದೆ 110ರಲ್ಲಿ ಡಿಸ್ಕ್ 5 ಎಂಎಂ ಹೊರಗೆ. ಹಳೇ ಹಬ್ಬನ್ನ ಬೂಸ್ಟ್ ಫ್ರೇಮಿಗೆ ಹಾಕೋಕೆ ಅಡಾಪ್ಟರ್ ಕಿಟ್ ಬರುತ್ತೆ, ಡಿಸ್ಕಿನ ಹಿಂದೆ ಸ್ಪೇಸರ್ ಕೊಟ್ಟಿರ್ತಾರೆ, ನಡೆಯುತ್ತೆ. ಬೂಸ್ಟ್ ಹಬ್ಬನ್ನ ಹಳೇ ಫ್ರೇಮಿಗೆ ತುರುಕೋಕೆ ಮಾತ್ರ ದಾರಿ ಇಲ್ಲ. ಅಲ್ಯೂಮಿನಿಯಂ ಫ್ರೇಮನ್ನ ಎಳೆದು ಅಗಲ ಮಾಡೋಕೆ ಯಾರಾದ್ರೂ ಹೇಳಿದ್ರೆ ದಯವಿಟ್ಟು ಕೇಳ್ಬೇಡಿ, ವೆಲ್ಡಿಂಗ್ ಹತ್ರ ಬಿರುಕು ಬರುತ್ತೆ. ಇನ್ನು ಥ್ರೂ ಆಕ್ಸಲ್ಲಿನ ಥ್ರೆಡ್ ಯಾವ್ದು ಅಂತ ತಲೆ ಕೆಡಿಸ್ಕೋಬೇಡಿ, ಅದು ಫ್ರೇಮಿಗೆ ಸಂಬಂಧ ಪಟ್ಟಿದ್ದು, ಹಬ್ಬಿಗಲ್ಲ.

ಈಗ ಗೇರ್. ತಮ್ಮನ ಬೈಕಲ್ಲಿ ಆಕ್ಸಲ್ ಯಾಕೆ ಮುರೀತು ಅನ್ನೋದು ಇಲ್ಲೇ ಇದೆ. ನಮ್ಮೂರಲ್ಲಿ ಸಿಗೋ ಕಮ್ಮಿ ರೇಟಿನ ಎಂಟಿಬಿಗಳಲ್ಲಿ 7 ಸ್ಪೀಡ್ ಫ್ರೀವೀಲ್ ಇರುತ್ತೆ, ಹಬ್ಬಿನ ಥ್ರೆಡ್ ಮೇಲೆ ತಿರುಗಿಸಿ ಕೂರಿಸೋದು. ಅದ್ರಲ್ಲಿ ಬಲಗಡೆ ಬೇರಿಂಗು ಫ್ರೀವೀಲಿಗಿಂತ ಒಳಗೆ ಇರುತ್ತೆ, ಆದ್ರಿಂದ ಆ ಕಡೆ ಆಕ್ಸಲ್ ಮೂರ್ನಾಲ್ಕು ಸೆಂಟಿಮೀಟರ್ ಯಾವ ಆಸರೆನೂ ಇಲ್ದೆ ನೇತಾಡುತ್ತೆ, ಪ್ರತಿ ಹಳ್ಳಕ್ಕೂ ಬಗ್ಗುತ್ತೆ, ಒಂದಿನ ಮುರಿಯುತ್ತೆ. ಕ್ಯಾಸೆಟ್ ಹಬ್ಬಲ್ಲಿ ಬೇರಿಂಗನ್ನ ಫ್ರೀಹಬ್ಬಿನ ಹೊರತುದಿ ಹತ್ರ ಇಟ್ಟಿರ್ತಾರೆ, ಹಾಗಾಗಿ ಈ ಕಾಯಿಲೆ ಇಲ್ಲ. ಹೊಸದಾಗಿ ಕಟ್ಟಿಸೋರು ಮತ್ತೆ ಫ್ರೀವೀಲ್ ಹಬ್ ತಗೊಳ್ಳೋದು ಬೇಡವೇ ಬೇಡ. 7 ಸ್ಪೀಡ್ ಶಿಫ್ಟರ್ ಬದಲಾಯಿಸೋಕೆ ಈಗ ದುಡ್ಡಿಲ್ಲ ಅಂದ್ರೂ 7 ಸ್ಪೀಡ್ ಕ್ಯಾಸೆಟ್ಟಿನ ಹಿಂದೆ ನಾಲ್ಕೂವರೆ ಎಂಎಂ ಸ್ಪೇಸರ್ ಇಟ್ಟು ಮಾಮೂಲಿ ಫ್ರೀಹಬ್ಬಿಗೆ ಹಾಕ್ಬಹುದು, ನಾವೂ ಹಂಗೇ ಮಾಡಿದ್ದು.

ಫ್ರೀಹಬ್ಬಲ್ಲಿ ಸದ್ಯಕ್ಕೆ ಮೂರು ಜಾತಿ ನೆನಪಿಟ್ಕೊಂಡ್ರೆ ಸಾಕು. ಶಿಮಾನೋ ಎಚ್‌ಜಿ, ಇದು ಹಳೇದು, 8ರಿಂದ 11 ಸ್ಪೀಡ್ ಎಂಟಿಬಿ ಕ್ಯಾಸೆಟ್ ಹೆಚ್ಚಿನವು ಇದಕ್ಕೇ ಬರೋದು. ಎರಡ್ನೇದು ಸ್ರಾಮ್ ಎಕ್ಸ್‌ಡಿ, 10 ಹಲ್ಲಿನ ಚಿಕ್ಕ ಕಾಗ್ (ಹಲ್ಲಿನ ಬಿಲ್ಲೆ) ಇರೋ ಸ್ರಾಮ್ ಕ್ಯಾಸೆಟ್ಟಿಗೆ. ಮೂರ್ನೇದು ಶಿಮಾನೋ ಮೈಕ್ರೋ ಸ್ಪ್ಲೈನ್, 2018ರಲ್ಲಿ ಅವ್ರದೇ ಎಕ್ಸ್‌ಟಿಆರ್ ಗೇರ್ ಸೆಟ್ ಜೊತೆ ಬಂದಿದ್ದು, ಡಿಯೋರ್ 12 ಸ್ಪೀಡ್ ತಗೊಂಡ್ರೂ ಇದೇ ಬೇಕು. ಒಂದಕ್ಕೆ ಇನ್ನೊಂದು ಕೂರೋದೇ ಇಲ್ಲ. "12 ಸ್ಪೀಡ್ ಹಬ್" ಅಂತ ಯಾರಾದ್ರೂ ಅಂದ್ರೆ ತಕ್ಷಣ ಯಾವ ಫ್ರೀಹಬ್ ಬಾಡಿ ಅಂತ ಕೇಳಿ, ಯಾಕಂದ್ರೆ ಸ್ರಾಮ್ ಎನ್‌ಎಕ್ಸ್, ಎಸ್‌ಎಕ್ಸ್ ಕ್ಯಾಸೆಟ್‌ಗಳು 12 ಸ್ಪೀಡ್ ಆದ್ರೂ 11 ಹಲ್ಲಿಂದ ಶುರುವಾಗೋದ್ರಿಂದ ಎಚ್‌ಜಿಗೇ ಕೂರುತ್ತೆ. ಮೈಕ್ರೋಶಿಫ್ಟ್ ಅಡ್ವೆಂಟ್ ಎಕ್ಸ್ 10 ಸ್ಪೀಡು ಎಚ್‌ಜಿನೇ, ಶಿಮಾನೋ ಕ್ಯೂಸ್ ಕೂಡಾ ಎಚ್‌ಜಿನೇ. ನನ್ನ ಅಭಿಪ್ರಾಯ ಕೇಳಿದ್ರೆ ಮೈಸೂರು ಮಂಡ್ಯ ಕಡೆ ಓಡಿಸೋರಿಗೆ ಎಚ್‌ಜಿ ಸಾಕು, ಕ್ಯಾಸೆಟ್ ಸವೆದಾಗ ಯಾವ್ದೋ ಒಂದು ಅಂಗಡಿಲಿ ಸಿಕ್ಕೇ ಸಿಗುತ್ತೆ. ಮುಂದೆ ಆಸೆ ಬಂದ್ರೆ ಬಾಡಿ ಮಾತ್ರ ಬದಲಾಯಿಸೋಕೆ ಆಗೋ ಹಬ್ ತಗೊಳ್ಳಿ, ಆದ್ರೆ ಆ ಬಾಡಿ ಬಿಡಿಯಾಗಿ ಮಾರಾಟಕ್ಕೆ ಇದ್ಯಾ ಅಂತ ಈಗ್ಲೇ ನೋಡ್ಕೊಳ್ಳಿ.

ಡಿಸ್ಕ್ ಕೂರೋ ಜಾಗ ಎರಡು ತರ, 6 ಬೋಲ್ಟ್ ಮತ್ತೆ ಸೆಂಟರ್ ಲಾಕ್. ಸೆಂಟರ್ ಲಾಕ್ ಹಬ್ಬಿಗೆ ಅಡಾಪ್ಟರ್ ಹಾಕಿ 6 ಬೋಲ್ಟ್ ಡಿಸ್ಕ್ ಕೂರಿಸ್ಬಹುದು, ಉಲ್ಟಾ ಆಗಲ್ಲ. ಈಗಿರೋ ಡಿಸ್ಕ್ ಯಾವ್ದಿದ್ಯೋ ಅದನ್ನೇ ನೋಡಿ ತಗೊಳ್ಳಿ.

ಬೇರಿಂಗ್ ವಿಷಯ ಜನ ಕೇಳೋದೇ ಇಲ್ಲ, ನಂಗೆ ಅದೇ ಮುಖ್ಯ. ಕಪ್ ಅಂಡ್ ಕೋನ್ ಹಬ್ಬಲ್ಲಿ ಗೋಲಿ ಇರುತ್ತೆ, ಗ್ರೀಸ್ ಹಾಕಿ ನೋಡ್ಕೊಂಡ್ರೆ ಬಹಳ ವರ್ಷ ಬರುತ್ತೆ, ನೋಡ್ಕೊಳ್ದೆ ಇದ್ರೆ ಹಬ್ಬಿನ ಒಳಗಿನ ಕಪ್ಪೇ ಸವೆದು ಹಬ್ ಎಸೀಬೇಕಾಗುತ್ತೆ. ಗದ್ದೆ ಕೆಸರು, ನಾಲೆ ನೀರು, ಕಾರಂಜಿ ತರ ಪ್ರೆಶರ್ ವಾಟರ್ ವಾಶ್, ಇಷ್ಟೆಲ್ಲಾ ಇರೋ ಕಡೆ ಸೀಲ್ಡ್ ಕಾರ್ಟ್ರಿಡ್ಜ್ ಬೇರಿಂಗ್ ಮೇಲು. ಹಬ್ ತಗೊಳ್ಳೋ ಮುಂಚೆ ಬೇರಿಂಗ್ ನಂಬರ್ ಕೇಳಿ. 6902, 6903, 6001 ಅಂತ ಮಾಮೂಲಿ ನಂಬರ್ ಹೇಳಿದ್ರೆ ಧೈರ್ಯವಾಗಿ ತಗೊಳ್ಳಿ, ಅವು ಸೈಕಲ್ಲಿಗೆ ಅಂತಲೇ ಮಾಡಿದ ನಂಬರಲ್ಲ, ಬೇರಿಂಗ್ ಅಂಗಡಿಲಿ ಆ ನಂಬರ್ ಹೇಳಿದ್ರೆ ಸಾಕು, 6902 ಅಂದ್ರೆ ಒಳಗೆ 15, ಹೊರಗೆ 28, ದಪ್ಪ 7 ಎಂಎಂ ಅಂತ ಅವ್ರಿಗೆ ಗೊತ್ತು. ಮಂಡ್ಯದಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡೋರ ಹತ್ರ ಬೇರಿಂಗ್ ಕೀಳೋ ಪುಲ್ಲರ್ರು ಇರುತ್ತೆ, ನಮ್ಮ ಹಬ್ಬಿನ ಕೆಲಸನೂ ಮಾಡಿಕೊಡ್ತಾರೆ. ನಂಬರೇ ಇಲ್ದಿರೋ, ಕಂಪ್ನಿಯವ್ರೇ ಕಳಿಸ್ಬೇಕಾದ ಬೇರಿಂಗ್ ಇರೋ ಹಬ್ ಎಷ್ಟೇ ಚೆನ್ನಾಗಿ ಟಕಟಕ ಸದ್ದು ಮಾಡಿದ್ರೂ ಬೇಡ.

ಫ್ರೀಹಬ್ ಒಳಗಿಂದ ಬರೋ ಆ ಟಕಟಕದ ಬಗ್ಗೆ ಒಂದೇ ಮಾತು. ರ್‍ಯಾಚೆಟ್ ಹಲ್ಲು ಜಾಸ್ತಿ ಇದ್ರೆ ಪೆಡಲ್ ತುಳಿದ ತಕ್ಷಣ ಹಿಡಿಯುತ್ತೆ, 18 ಹಲ್ಲಿಗೆ 20 ಡಿಗ್ರಿ, 36ಕ್ಕೆ 10 ಡಿಗ್ರಿ. ಕರಿಘಟ್ಟದ ಕಲ್ಲು ಏರಲ್ಲಿ ಅರ್ಧ ಪೆಡಲ್ ತುಳಿದು ತುಳಿದು ಹತ್ತೋವಾಗ ವ್ಯತ್ಯಾಸ ಗೊತ್ತಾಗುತ್ತೆ. ಫಿಟ್ಟಿಂಗಿಗೂ ಇದಕ್ಕೂ ಸಂಬಂಧ ಇಲ್ಲ, ದುಡ್ಡಿದ್ರೆ ನೋಡಿ.

ಹಬ್ ಗೊತ್ತಾಯ್ತು, ಈಗ ತೂತುಗಳ ಲೆಕ್ಕ. ಹಬ್ಬಲ್ಲಿ ಎಷ್ಟು ತೂತಿದ್ಯೋ ರಿಮ್ಮಲ್ಲೂ ಅಷ್ಟೇ ಇರ್ಬೇಕು. ಎಂಟಿಬಿಗೆ 32 ಮಾಮೂಲು, 28 ಸಿಗುತ್ತೆ. ತಾತನ ಕಾಲದ ಕಪ್ಪು ಸೈಕಲ್ಲಲ್ಲಿ ಮುಂದೆ 32 ಹಿಂದೆ 40 ಇರ್ತಿತ್ತು, ಹಿಂದಿನ ಚಕ್ರದ ಮೇಲೆ ಹಾಲಿನ ಕ್ಯಾನು, ಹುಲ್ಲಿನ ಹೊರೆ ಬೀಳುತ್ತೆ ಅಂತ. ಆ ಬುದ್ಧಿ ಈಗ್ಲೂ ಸರಿನೇ, 28ಕ್ಕೆ ಹೋಗ್ಬೇಡಿ, ಅದ್ರಲ್ಲೂ ತೂಕ ಇರೋರು, ಬ್ಯಾಗ್ ಕಟ್ಕೊಂಡು ಮೇಲುಕೋಟೆ ಕಡೆ ಹೋಗೋರು 32ನೇ ತಗೊಳ್ಳಿ. ಒಂದು ಕಡ್ಡಿ ಮುರಿದ್ರೂ ಬ್ರೇಕ್ ಸಡಿಲ ಮಾಡ್ಕೊಂಡು ಮನೆ ತಲುಪ್ಬಹುದು. ಹಬ್ ತಗೊಳ್ಳೋವಾಗ ಜೆ ಬೆಂಡ್ ಅಂದ್ರೆ ತಲೆ ಹತ್ರ ಬಗ್ಗಿರೋ ಮಾಮೂಲಿ ಕಡ್ಡಿ ಹಾಕೋದನ್ನೇ ತಗೊಳ್ಳಿ. ಸ್ಟ್ರೈಟ್ ಪುಲ್ ಹಬ್ ನೋಡೋಕೆ ಚೆಂದ, ಆದ್ರೆ ಆ ಕಡ್ಡಿ ಇಲ್ಲಿ ಹುಡುಕೋದು ಕಷ್ಟ.

ರಿಮ್ ಸೈಜಲ್ಲಿ ಇಂಚನ್ನ ನಂಬ್ಬೇಡಿ. ಟೈರ್ ಸೈಡಲ್ಲಿ 57-622 ಅಂತ ಸಣ್ಣಕ್ಕೆ ಬರೆದಿರುತ್ತೆ, ಆ ಕೊನೆ ಮೂರು ಅಂಕಿನೇ ರಿಮ್ಮಿನ ನಿಜವಾದ ಅಳತೆ. 26 ಇಂಚು ಎಂಟಿಬಿ ಅಂದ್ರೆ 559, 27.5 ಅಂದ್ರೆ 584, 29 ಅಂದ್ರೆ 622. ನಮ್ಮ ತಾತನ ಸೈಕಲ್ಲಿನ 28 ಇಂಚು ರಿಮ್ 635, ಅಂದ್ರೆ 28 ಅಂತ ಕರೆಯೋದು 29 ಅಂತ ಕರೆಯೋದಕ್ಕಿಂತ ದೊಡ್ಡದು! ಅದಕ್ಕೇ ಅಂಗಡಿಲಿ ಇಂಚು ಹೇಳ್ಬೇಡಿ, 622 ಅಂತ ಹೇಳಿ. 29ರ ರಿಮ್ಮೂ ರೋಡ್ ಬೈಕಿನ 700ಸಿನೂ ಎರಡೂ 622, ಆದ್ರೆ ಅಗಲ ಬೇರೆ, ರೋಡ್ ರಿಮ್ ತಂದು ಎಂಟಿಬಿ ಟೈರ್ ಹಾಕೋದು ಬೇಡ.

ಅಗಲ ಅಂದಾಗ ಒಳ ಅಗಲ, ಹೊರಗಿಂದಲ್ಲ. ರಿಮ್ ಮೇಲೆ 622-30 ಅಂತ ಇದ್ರೆ ಆ 30 ಒಳ ಅಗಲ. 2.1ರಿಂದ 2.25 ಟೈರಿಗೆ 23ರಿಂದ 27 ಎಂಎಂ ಚೆನ್ನಾಗಿರುತ್ತೆ, 2.35ರಿಂದ 2.5ರ ತನಕ 28ರಿಂದ 31. ಕಿರಿದಾದ ರಿಮ್ಮಿಗೆ ದಪ್ಪ ಟೈರ್ ಹಾಕಿದ್ರೆ ಟೈರು ಬಲ್ಬ್ ತರ ಉಬ್ಬಿ ತಿರುವಲ್ಲಿ ಆಚೆ ಈಚೆ ಹೊರಳುತ್ತೆ, ಅಗಲ ರಿಮ್ಮಿಗೆ ಸಣ್ಣ ಟೈರ್ ಹಾಕಿದ್ರೆ ಚಪ್ಪಟೆ ಆಗಿ ಪಕ್ಕದ ಹಲ್ಲುಗಳು ಮೇಲಕ್ಕೆ ಬರುತ್ತೆ, ರಿಮ್ ಅಂಚೂ ಕಲ್ಲಿಗೆ ಸಿಕ್ಕಾಕೊಳ್ಳುತ್ತೆ. ಮತ್ತೆ ಅಗಲ ರಿಮ್ ಹಾಕಿದ್ರೆ ಅದೇ ಟೈರು ಒಂದೆರಡು ಎಂಎಂ ಅಗಲ ಆಗುತ್ತೆ, ಫ್ರೇಮಲ್ಲಿ ಎರಡೂ ಕಡೆ 6 ಎಂಎಂ ಆದ್ರೂ ಜಾಗ ಉಳಿಯುತ್ತಾ ನೋಡಿ. ಮಳೆಗಾಲದಲ್ಲಿ ಕೆಮ್ಮಣ್ಣು ಅಂಟ್ಕೊಂಡು ಚಕ್ರ ತಿರುಗದೇ ನಿಂತು ಬೈಕ್ ಹೊತ್ಕೊಂಡು ಬಂದವ್ರಿಗೆ ಇದು ಹೇಳೋದೇ ಬೇಡ.

ಡಿಸ್ಕ್ ಬೈಕಿಗೆ ಡಿಸ್ಕ್ ರಿಮ್, ವಿ ಬ್ರೇಕ್ ಬೈಕಿಗೆ ಪಕ್ಕದಲ್ಲಿ ಬ್ರೇಕ್ ಉಜ್ಜೋ ಪಟ್ಟಿ ಇರೋ ರಿಮ್, ಇದನ್ನ ಮರೀಬೇಡಿ. ವಾಲ್ವ್ ತೂತೂ ನೋಡಿ, ಸ್ಕೂಟರ್ ತರ ದಪ್ಪ ಶ್ರೇಡರ್ ವಾಲ್ವಿಗೆ ಎಂಟೂವರೆ ಎಂಎಂ, ಸಣ್ಣ ಪ್ರೆಸ್ಟಾಗೆ ಆರೂವರೆ. ಟ್ಯೂಬ್‌ಲೆಸ್ ಆಸೆ ಇದ್ರೆ ಟ್ಯೂಬ್‌ಲೆಸ್ ರೆಡಿ ಅಂತ ಇರೋದನ್ನೇ ತಗೊಳ್ಳಿ, ಜಾಲಿ ಮುಳ್ಳಿನ ಊರಲ್ಲಿ ಅದು ನಿಜವಾಗ್ಲೂ ಕೈ ಹಿಡಿಯುತ್ತೆ. ಕಾರ್ಬನ್ ಬೇಡ, ಅಲ್ಯೂಮಿನಿಯಂ ಬಗ್ಗಿದ್ರೆ ಸ್ವಲ್ಪ ನೆಟ್ಟಗೆ ಮಾಡ್ಬಹುದು, ಕಾರ್ಬನ್ ಬಿರುಕು ಬಿಟ್ರೆ ಮುಗೀತು. ಕೆಲವು ರಿಮ್ಮಲ್ಲಿ ಕಡ್ಡಿ ತೂತುಗಳ ಸಾಲು ಮಧ್ಯದಿಂದ 2-3 ಎಂಎಂ ಒಂದು ಪಕ್ಕಕ್ಕೆ ಇರುತ್ತೆ, ಅದು ಡಿಫೆಕ್ಟ್ ಅಲ್ಲ, ಬೇಕಂತಲೇ ಮಾಡಿರೋದು. ಹಿಂದಿನ ಚಕ್ರದಲ್ಲಿ ಆ ಸಾಲು ಎಡಕ್ಕೆ ಅಂದ್ರೆ ಡಿಸ್ಕ್ ಕಡೆಗೆ ಬರ್ಬೇಕು, ಮುಂದಿನದ್ರಲ್ಲಿ ಬಲಕ್ಕೆ. ಹಂಗೆ ಹಾಕಿದ್ರೆ ಎರಡೂ ಕಡೆ ಕಡ್ಡಿ ಬಿಗಿತ ಹತ್ರ ಹತ್ರ ಬರುತ್ತೆ.

ಈಗ ಕಡ್ಡಿ ಉದ್ದ. ಇಲ್ಲಿ ನಿಧಾನ ಮಾಡಿ. ರಿಮ್ಮಿಗೆ ಇಆರ್‌ಡಿ ಅಂತ ಒಂದು ಅಳತೆ ಇರುತ್ತೆ, ಒಂದು ಕಡ್ಡಿಯ ತುದಿಯಿಂದ ಎದುರಿನ ಕಡ್ಡಿಯ ತುದಿಗೆ ಇರೋ ವ್ಯಾಸ. ಡಬ್ಬಿ ಮೇಲೆ ಬರೆದಿದ್ರೂ ನೀವೇ ಅಳೀರಿ. ನಾವು ಚಿಕ್ಕಮ್ಮನ ಮನೆ ಜಗಲಿ ಮೇಲೆ ಕೂತು ಮಾಡಿದ್ದು ಹೀಗೆ. ಎರಡು ಹಳೇ ಕಡ್ಡಿ ತಗೊಂಡು ನಿಪ್ಪಲ್ (ಕಡ್ಡಿನ ರಿಮ್ಮಿಗೆ ಬಿಗಿಯೋ ನಟ್ಟು) ಹಾಕೋ ತುದಿಯಿಂದ ಸರಿಯಾಗಿ 250 ಎಂಎಂಗೆ ಕಟ್ ಮಾಡಿದ್ವಿ. ರಿಮ್ಮಿನ ಎದುರು ಬದುರು ತೂತಲ್ಲಿ, 32 ತೂತಿದ್ರೆ 1 ಮತ್ತೆ 17ನೇದು, ನಿಪ್ಪಲ್ ಹಾಕಿ, ಕಡ್ಡಿ ತುದಿ ನಿಪ್ಪಲ್ಲಿನ ಸ್ಕ್ರೂಡ್ರೈವರ್ ಗೀರಿನ ತಳಕ್ಕೆ ಸಮ ಬರೋ ತನಕ ತಿರುಗಿಸಿದ್ವಿ. ತಮ್ಮ ಒಂದು ಕಡೆಯಿಂದ ಎಳೆದು ಹಿಡ್ದ, ನಾನು ಇನ್ನೊಂದು ಕಡೆ, ನಡುವೆ ಉಳಿದ ಸಂದು ವರ್ನಿಯರಲ್ಲಿ 100 ಬಂತು. 250, 250, 100, ಒಟ್ಟು 600. ಆಮೇಲೆ ಕಾಲು ಸುತ್ತು ತಿರುಗಿಸಿ ಇನ್ನೊಂದು ಜೋಡಿ ತೂತಲ್ಲೂ ಅಳೆದು ನೋಡಿದ್ವಿ, ಅಲ್ಲೂ ಹೆಚ್ಚು ಕಮ್ಮಿ ಅಷ್ಟೇ. ವ್ಯತ್ಯಾಸ ಬಂದ್ರೆ ಎರಡರ ಸರಾಸರಿ ಹಿಡೀರಿ.

ಹಬ್ಬಲ್ಲಿ ಎರಡು ಅಳತೆ ಬೇಕು. ಒಂದು, ಫ್ಲಾಂಜಿನ (ಹಬ್ಬಲ್ಲಿ ಕಡ್ಡಿ ಸಿಕ್ಕಿಸೋ ಬಿಲ್ಲೆ) ತೂತಿನ ಮಧ್ಯದಿಂದ ಎದುರು ತೂತಿನ ಮಧ್ಯಕ್ಕೆ, ಇದು ಪಿಸಿಡಿ. ಎರಡು, ಹಬ್ಬಿನ ನಡುವಿಂದ ಪ್ರತಿ ಫ್ಲಾಂಜಿಗೆ ಎಷ್ಟು ದೂರ. ಮುಂದಿನ 100 ಎಂಎಂ ಹಬ್ ಇಟ್ಕೊಳ್ಳಿ, ಅರ್ಧ 50. ಎಡ ತುದಿಯಿಂದ ಎಡ ಫ್ಲಾಂಜಿಗೆ 30 ಇದ್ರೆ ನಡುವಿಂದ 20. ಬಲ ತುದಿಯಿಂದ ಬಲ ಫ್ಲಾಂಜಿಗೆ 18 ಇದ್ರೆ ನಡುವಿಂದ 32. ಡಿಸ್ಕ್ ಆ ಕಡೆ ಜಾಗ ತಿನ್ನೋದ್ರಿಂದ ಮುಂದಿನ ಹಬ್ಬಲ್ಲಿ ಎಡ ಫ್ಲಾಂಜ್ ನಡುವಿಗೆ ಹತ್ರ.

ಸ್ಪೋಕ್ ಕ್ಯಾಲ್ಕ್ಯುಲೇಟರಿಗೆ ಇವೆಲ್ಲ ಹಾಕಿದ್ರೆ ಉತ್ತರ ಬರುತ್ತೆ, ಆದ್ರೂ ಒಂದ್ಸಲ ಕೈಯಲ್ಲಿ ಮಾಡಿ ನೋಡಿ, ಟೈಪ್ ಮಾಡೋವಾಗ ತಪ್ಪಾಗಿದ್ರೆ ಸಿಕ್ಕಿಬೀಳುತ್ತೆ. ರಿಮ್ಮಿನ ಅರ್ಧ 300, ಅದ್ರ ವರ್ಗ 90000. ಪಿಸಿಡಿ 58 ಅಂದ್ರೆ ಅರ್ಧ 29, ವರ್ಗ 841. ಎಡ ಫ್ಲಾಂಜ್ 20, ವರ್ಗ 400. ಮೂರನ್ನೂ ಕೂಡಿದ್ರೆ 91241. ಈಗ ಕ್ರಾಸ್, ಅಂದ್ರೆ ಒಂದು ಕಡ್ಡಿ ಅದೇ ಪಕ್ಕದ ಎಷ್ಟು ಕಡ್ಡಿಗಳನ್ನ ದಾಟಿ ಹೋಗುತ್ತೆ ಅನ್ನೋದು. 32 ತೂತಿನ ಹಬ್ಬಲ್ಲಿ ಒಂದು ಕಡೆ 16, 360ನ್ನ 16ರಿಂದ ಭಾಗಿಸಿದ್ರೆ 22.5 ಡಿಗ್ರಿ, ಮೂರು ಕ್ರಾಸಿಗೆ 67.5. ಅದ್ರ ಕೊಸೈನ್ 0.3827. ಎರಡು ಸಲ 300 ಇಂಟು 29 ಇಂಟು 0.3827 ಅಂದ್ರೆ ಸುಮಾರು 6659, ಅದನ್ನ 91241ರಲ್ಲಿ ಕಳೆದ್ರೆ 84582, ವರ್ಗಮೂಲ 290.8. ಕೊನೆಗೆ ಫ್ಲಾಂಜ್ ತೂತಿನ ಅರ್ಧ 1.3 ಕಳೀರಿ, 289.5. ಬಲಗಡೆ 20ರ ಬದಲು 32 ಹಾಕಿದ್ರೆ 290.6. ಕಡ್ಡಿ 2 ಎಂಎಂ ಅಂತರದಲ್ಲಿ ಸಿಗೋದ್ರಿಂದ ಎರಡೂ ಕಡೆಗೆ 290 ತಗೊಂಡ್ರಾಯ್ತು. ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಎರಡು ಕಡೆ ಎರಡು ಉದ್ದ ಬೇಕಾಗುತ್ತೆ, ಎರಡೂ ಬೇರೆ ಬೇರೆ ಲೆಕ್ಕ ಮಾಡಿ.

ಒಂದು ಎಂಎಂ ಗಿಡ್ಡ ಆದ್ರೆ ಸುಧಾರಿಸುತ್ತೆ. ಮೂರು ಎಂಎಂ ಉದ್ದ ಆದ್ರೆ ಥ್ರೆಡ್ ಮುಗಿದು ಬಿಗಿನೇ ಆಗಲ್ಲ, ಇಲ್ಲಾ ತುದಿ ಮೇಲೆ ಬಂದು ರಿಮ್ ಟೇಪ್ ಚುಚ್ಚಿ ಪಂಚರ್ ಮೇಲೆ ಪಂಚರ್. ಅಂಗಡಿಯವ್ರು "ಹೋಗ್ಲಿ ಬುಡಿ ಸಾ, ಫೈಲ್ ಮಾಡಿ ಹಾಕ್ತೀನಿ" ಅಂದ್ರೆ ಬೇಡ ಅನ್ನಿ, ಸರಿ ಉದ್ದದ್ದು ಬರೋ ತನಕ ಕಾಯಿರಿ.

ಕಡ್ಡಿ ಸ್ಟೇನ್‌ಲೆಸ್ ಸ್ಟೀಲೇ ಆಗಿರ್ಲಿ, 14 ಗೇಜ್ ಅಂದ್ರೆ 2 ಎಂಎಂ ದಪ್ಪ. ಹಳೇ ಸೈಕಲ್ಲಿಗೆ ಹಾಕೋ ಪಾಲಿಶ್ ಕಡ್ಡಿ ಒಂದು ಮಳೆಗಾಲಕ್ಕೇ ತುಕ್ಕು ಹಿಡಿಯುತ್ತೆ. ದುಡ್ಡು ಸ್ವಲ್ಪ ಜಾಸ್ತಿ ಆಗ್ಲಿ ಅನ್ನೋರು ಡಬಲ್ ಬಟೆಡ್ ತಗೊಳ್ಳಿ, ತುದಿ 2, ನಡುವೆ 1.8, ನಡು ಸ್ವಲ್ಪ ಹಿಗ್ಗೋದ್ರಿಂದ ಹೊಡೆತ ಅದೇ ತಡ್ಕೊಳ್ಳುತ್ತೆ, ಬಗ್ಗೋ ಜಾಗದಲ್ಲಿ ಮುರಿಯೋದು ಕಮ್ಮಿ. ನಿಪ್ಪಲ್ ಹಿತ್ತಾಳೆದೇ ಇರ್ಲಿ, ಅಲ್ಯೂಮಿನಿಯಂ ನಿಪ್ಪಲ್ ಎರಡು ವರ್ಷ ಬಿಟ್ಟು ತಿರುಗ್ಸೋಕೆ ಹೋದ್ರೆ ಮೂಲೆ ಸವೆದು ಕೈ ಕೊಡುತ್ತೆ. ಪ್ರತಿ ಉದ್ದಕ್ಕೂ ಮೂರು ಎಕ್ಸ್‌ಟ್ರಾ ತರ್ಸಿ.

ಕಟ್ಟೋ ಕೆಲಸ ಔಟ್ ತೆಗೆಯೋಕೆ (ಚಕ್ರದ ಓರೆ ಸರಿ ಮಾಡೋಕೆ) ಬರೋ ಹಳೇ ಮೆಕ್ಯಾನಿಕ್ ಅಣ್ಣನ ಕೈಲಿ ಮಾಡಿಸ್ಬಹುದು, ಅವರ ಕೈಗೆ ಆ ಲೆಕ್ಕ ಗೊತ್ತಿರುತ್ತೆ. ಡಿಸ್ಕ್ ವೀಲ್ ಅಂತ ಮೊದ್ಲೇ ಹೇಳಿ, ಎರಡೂ ಚಕ್ರಕ್ಕೂ ಮೂರು ಕ್ರಾಸೇ ಹಾಕ್ಸಿ, ಬ್ರೇಕ್ ಹಿಡಿದಾಗ ಹಬ್ಬೇ ರಿಮ್ಮನ್ನ ನಿಲ್ಲಿಸ್ಬೇಕಾಗೋದ್ರಿಂದ ಮುಂದೆ ಒಂದನ್ನೊಂದು ದಾಟದೆ ನೇರ ಹೋಗೋ ಹಾಗೆ ಕಡ್ಡಿ ಹಾಕೋ ಹಾಗಿಲ್ಲ. ಬಿಗಿತಕ್ಕೆ ರಿಮ್ ಕಂಪ್ನಿ ಒಂದು ಮಿತಿ ಕೊಟ್ಟಿರುತ್ತೆ, ಹೆಚ್ಚಿನ ಅಲ್ಯೂಮಿನಿಯಂ ರಿಮ್ಮಿಗೆ ಬಿಗಿ ಇರೋ ಕಡೆ 100ರಿಂದ 120 ಕೆಜಿ ಫೋರ್ಸ್ ಒಳಗೆ. ಕಟ್ಟಿದ ಮೇಲೆ ಪಕ್ಕ ಪಕ್ಕದ ಎರಡೆರಡು ಕಡ್ಡಿನ ಕೈಯಲ್ಲಿ ಗಟ್ಟಿಯಾಗಿ ಹಿಂಡಿ, ಟಿಣ್ ಟಿಣ್ ಅಂತ ಸದ್ದು ಬರುತ್ತೆ, ಸುತ್ತಿಕೊಂಡಿದ್ದ ಕಡ್ಡಿ ಬಿಚ್ಕೊಳ್ಳೋ ಸದ್ದದು. ಮತ್ತೆ ಔಟ್ ನೋಡಿ, ಮತ್ತೆ ಹಿಂಡಿ, ಸದ್ದು ನಿಲ್ಲೋ ತನಕ.

ಮೊದಲ ಎರಡು ರೈಡ್ ಆದ ಮೇಲೆ ಒಂದ್ಸಲ ಬಿಗಿ ಮಾಡ್ಸಿ. ತಮ್ಮನ ವೀಲ್ ನಾಲೆ ಏರಿ ಮೇಲೆ ಒಂದು ವಾರ ಓಡಿದ ಮೇಲೆ ಎಡಗಡೆ ನಾಲ್ಕು ಕಡ್ಡಿ ಸ್ವಲ್ಪ ಸಡಿಲ ಆಗಿತ್ತು, ಕಾಲು ಕಾಲು ಸುತ್ತು ಕೊಟ್ವಿ, ಆಮೇಲೆ ಮುಟ್ಟಿಲ್ಲ. ಎಲ್ಲಾ ಅಳತೆನೂ ಒಂದು ಚೀಟಿಲಿ ಬರೆದು ಸೀಟ್ ಪೋಸ್ಟಿಗೆ ಟೇಪ್ ಹಾಕಿ ಸುತ್ತಿದ್ದಾನೆ, ಎರಡು ಎಕ್ಸ್‌ಟ್ರಾ ಕಡ್ಡಿ ಚೈನ್‌ಸ್ಟೇಗೆ ಕಟ್ಟಿದ್ದಾನೆ.